ಕೋನಗಳ ಮರ್ಮವನ್ನರಿತ ಗೌಸ್

ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದಲ್ಲಿ 1777ನೆಯ ಏಪ್ರಿಲ್ 30ರಂದು ಕಾರ್ಲ್ ಫ್ರೀಡ್ರಿಕ್ ಗೌಸರು ಜನಿಸಿದರು. ತಂದೆ ತೋಟದ ಕೆಲಸ, ಗಾರೆಯ ಕೆಲಸಗಳಿಂದ ಸಂಸಾರ ಸಾಗಿಸುತ್ತಿದ್ದವರು. ತಾಯಿ ಡೊರೊಥಿಯಾ ಬರೆಯಲರಿಯದವರು. ಮಗ ಹುಟ್ಟಿದ ತಾರೀಖನ್ನು ಆಕೆ ಗುರುತಿಟ್ಟಿರಲಿಲ್ಲ. ಸ್ವರ್ಗಾರೋಹಣದ ಹಬ್ಬಕ್ಕೆ ಎಂಟು ದಿನ ಮುಂಚಿನ ಬುಧವಾರವೆಂಬುದಷ್ಟೇ ನೆನಪಿತ್ತು. ಅದೊಂದೇ ಸುಳಿವಿನಿಂದ ಮಗ ಮುಂದೆ ತನ್ನ ಜನ್ಮದಿನವನ್ನು ಗಣಿಸಿ ಕಂಡುಕೊಂಡರು.

ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಬಾಲಕ ಗೌಸ್ ಕ್ಷಣಮಾತ್ರದಲ್ಲಿ ಕೂಡಿದ ಕಥೆ ಎಲ್ಲ ಶಾಲೆಗಳಲ್ಲಿಯೂ ಪ್ರಚಲಿತ. ಬಾಯಿಂದ ಬಾಯಿಗೆ ಬೆಳೆದ ಆ ಕಥೆಗಿಂತ ಮಿಗಿಲಾದುದು 1791ರಲ್ಲಿ ನಡೆದ ಸಂಗತಿ. ಪ್ರಾಂತ್ಯದ ದೊರೆ ಕಾರ್ಲ್ ವಿಲ್‌ಹೆಲ್ಮ್ ಫರ್ಡಿನಾಂಡರು ಹದಿನಾಲ್ಕರ ಈ ಬಡ ಹುಡುಗನನ್ನು ಕಂಡು, ಆತನ ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿಕೊಂಡರು. ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

1795ರಲ್ಲಿ ಗಟಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿದಾಗ ಪ್ರಾಚೀನ ಭಾಷೆಗಳೋ ಗಣಿತವೋ ಎಂಬ ತೊಳಲಾಟ ಗೌಸರಲ್ಲಿ ಇನ್ನೂ ತೀರಿರಲಿಲ್ಲ. ಅದನ್ನು ತೀರಿಸಿದುದು ಕೋನವೊಂದರ ಪ್ರಶ್ನೆ.

ಗುರುತಿಲ್ಲದ ಅಳತೆಪಟ್ಟಿ ಮತ್ತು ಕೈವಾರಗಳಿಂದ ಸಮಬಾಹು ತ್ರಿಭುಜವನ್ನೆಳೆದರೆ 60 ಅಂಶದ ಕೋನ ದೊರೆಯುತ್ತದೆ. ಅರ್ಧಿಸುತ್ತ ಹೋದರೆ 30, 15. ಲಂಬವನ್ನೆಳೆದರೆ 90, ಅದರರ್ಧ 45. ಪಂಚಭುಜದ 72 ಅಂಶದ ಕೇಂದ್ರಕೋನವನ್ನೂ ಗ್ರೀಕರು ಬಲ್ಲರು. ಆದರೆ ಸರಳವಾಗಿ ಕಾಣುವ 20 ಅಂಶದ ಕೋನ ಕೈಗೆಟುಕಲಿಲ್ಲ. ಅರ್ಧಿಸಲು ಬರುವ ಕೋನವನ್ನು ಮೂರು ಸಮಭಾಗ ಮಾಡಲು ಏಕೆ ಬಾರದು? ಎರಡು ಸಾವಿರ ವರ್ಷಗಳ ಕಾಲ ಪಂಡಿತರು ಇದರಲ್ಲಿ ಬಳಲಿದರು.

1796ನೆಯ ಮಾರ್ಚ್ 30ರಂದು, ಹತ್ತೊಂಬತ್ತು ತುಂಬಲು ಒಂದು ತಿಂಗಳಿರುವಾಗ, ವೃತ್ತವನ್ನು ಹದಿನೇಳು ಸಮಭಾಗ ಮಾಡಬಹುದೆಂಬುದು ಗೌಸರಿಗೆ ಹೊಳೆಯಿತು. ಪಟ್ಟಿ-ಕೈವಾರಗಳು ಬೀಜಗಣಿತದಲ್ಲಿ ವರ್ಗಮೂಲಕ್ಕೆ ಮೀರಿದ ಯಾವ ಮೂಲವನ್ನೂ ತೆಗೆಯಲಾರವು. ಹದಿನೇಳರಲ್ಲಿ ಒಂದನ್ನು ಕಳೆದರೆ ಹದಿನಾರು. ಅದು ನಾಲ್ಕು ಎರಡುಗಳ ಗುಣಲಬ್ಧ. ಆದುದರಿಂದ ಆ ಕೋನವು ಬರಿಯ ವರ್ಗಮೂಲಗಳ ಸೋಪಾನದಿಂದ ದೊರೆಯುತ್ತದೆ. 60 ಅಂಶದ ತ್ರಿಭಾಜನಕ್ಕಾದರೋ ಘನ ಸಮೀಕರಣ ಅಡ್ಡಬರುತ್ತದೆ. ಅದು ಅಸಾಧ್ಯವೆಂಬುದನ್ನು 1837ರಲ್ಲಿ ಫ್ರಾನ್ಸಿನ ವಾಂಟ್ಸೆಲ್ ಸಾಧಿಸಿ ತೋರಿದರು.

ಅಂದೇ ಗೌಸರು ದಿನಚರಿಯೊಂದನ್ನು ಆರಂಭಿಸಿ ಅದರ ಮೊದಲ ನಮೂದಾಗಿ ಈ ಶೋಧವನ್ನು ಬರೆದಿಟ್ಟರು. ಭಾಷೆಗಳ ವ್ಯಾಸಂಗ ಹಿಂದೆ ಸರಿಯಿತು. 1801ರಲ್ಲಿ ಪ್ರಕಟವಾದ ಸಂಖ್ಯಾಶಾಸ್ತ್ರದ ಮಹಾಗ್ರಂಥವನ್ನು ಆಶ್ರಯದಾತನಾದ ದೊರೆಗೆ ಅರ್ಪಿಸಿದರು. 1806ರಲ್ಲಿ ಆ ದೊರೆ ಯುದ್ಧದಲ್ಲಿ ಗಾಯಗೊಂಡು ಮಡಿದಾಗ ವೇತನದ ಆಸರೆ ಕಳಚಿತು. ಮರುವರ್ಷ ಗಟಿಂಗೆನ್ನಿನ ವೀಕ್ಷಣಾಲಯದ ಹೊಣೆ ದೊರೆತುದರಿಂದ ಸಂಸಾರ ನಿಂತಿತು.

ಕೋನಗಳು ಅವರನ್ನು ಬಿಡಲಿಲ್ಲ. ಹ್ಯಾನೋವರ್ ರಾಜ್ಯದ ಭೂಮಾಪನದಲ್ಲಿ ವರ್ಷಗಟ್ಟಲೆ ಬೆಟ್ಟಗಳನ್ನೇರಿದರು. ಸೂರ್ಯನ ಬೆಳಕನ್ನು ಕನ್ನಡಿಯಿಂದ ದೂರಕ್ಕೆ ಕಳುಹುವ ಉಪಕರಣವನ್ನು 1821ರಲ್ಲಿ ರಚಿಸಿದರು. ಬ್ರೋಕನ್, ಹೋಹೆನ್‌ಹಾಗೆನ್, ಇನ್ಸೆಲ್ಸ್‌ಬರ್ಗ್ ಎಂಬ ಮೂರು ಶಿಖರಗಳ ತ್ರಿಭುಜದಲ್ಲಿ ಅತಿ ದೀರ್ಘವಾದ ಭುಜವು ಸುಮಾರು 107 ಕಿಲೋಮೀಟರು. ಭೂಮಿಯು ಬಾಗಿರುವುದರಿಂದ ಅಂಥ ತ್ರಿಭುಜದ ಕೋನಗಳ ಮೊತ್ತ 180 ಅಂಶಕ್ಕಿಂತ ಸುಮಾರು 15 ವಿಕಲೆಯಷ್ಟು ಹೆಚ್ಚು.

ವೃದ್ಧೆಯಾದ ತಾಯಿಯನ್ನು ಮನೆಯಲ್ಲಿಟ್ಟುಕೊಂಡು, 1839ರಲ್ಲಿ ಆಕೆ ತೀರಿಕೊಳ್ಳುವವರೆಗೂ ಸಲಹಿದರು. ಅವರು ನಿಧನರಾದುದು 1855ನೆಯ ಫೆಬ್ರುವರಿ 23ರಂದು. ಬ್ರೌನ್‌ಷ್ವೈಗಿನ ಅವರ ಪ್ರತಿಮೆಯ ಪೀಠದಲ್ಲಿ ಹದಿನೇಳು ಮೊನೆಗಳ ನಕ್ಷತ್ರವೊಂದನ್ನು ಕೆತ್ತಿದ್ದಾರೆ.