ಪಂಡಿತಾ ರಮಾಬಾಯಿ: ಮತ ಬದಲಾದರೂ ಮಣಿಯದ ಮನಸ್ಸು

ಗಡಹಿಂಗ್ಲಜ, ಇಚಲಕರಂಜಿ ಕಡೆಯ ನಮ್ಮ ವಿದ್ಯಾರ್ಥಿಗಳಿಗೆ ಪಂಡಿತಾ ರಮಾಬಾಯಿ ಎಂಬ ಹೆಸರು ಮರಾಠಿಯ ಮೂಲಕ ಪರಿಚಿತ. ನನಗೂ ಆ ಹೆಸರು ಮೊದಲು ಕಿವಿಗೆ ಬಿದ್ದುದು ಶಾಲೆಯ ಮರಾಠಿ ತರಗತಿಯಲ್ಲಿಯೇ. ಅವರು ಜನಿಸಿದ್ದು ಕನ್ನಡ ನಾಡಿನ ಗಂಗಾಮೂಲದ ಕಾಡಿನಲ್ಲಿ ಎಂಬುದು ತಿಳಿದದ್ದು ಬಹಳ ವರ್ಷಗಳ ಅನಂತರ.

ರಮಾಬಾಯಿಯವರು 1858ರ ಏಪ್ರಿಲ್ 23ರಂದು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಸಂಸ್ಕೃತ ವಿದ್ವಾಂಸರು. ಹೆಣ್ಣಿಗೆ ಸಂಸ್ಕೃತ ಕಲಿಸಬಾರದೆಂಬ ಕಟ್ಟನ್ನು ಮೀರಿ ಅವರು ಪತ್ನಿ ಲಕ್ಷ್ಮೀಬಾಯಿಯವರಿಗೆ ಪಾಠ ಹೇಳಿದರು. ತಾಯಿ ಆ ವಿದ್ಯೆಯನ್ನು ಮಗಳಿಗೆ ಧಾರೆಯೆರೆದರು. ತೀರ್ಥಕ್ಷೇತ್ರಗಳಲ್ಲಿ ಪುರಾಣ ಓದುತ್ತ ಅಲೆದಾಡಿದ ಈ ಕುಟುಂಬವನ್ನು 1870ರ ದಶಕದ ಹಸಿವು ಕಬಳಿಸಿತು. ತಂದೆ, ತಾಯಿ, ಅಕ್ಕ ತೀರಿಕೊಂಡರು. ಅಣ್ಣ ಶ್ರೀನಿವಾಸರೊಡನೆ ದೇಶ ಸುತ್ತಿ 1878ರಲ್ಲಿ ಕಲಕತ್ತೆಗೆ ಬಂದಾಗ ಅಲ್ಲಿನ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಅಣ್ಣನ ಮರಣಾನಂತರ ಜಾತಿಯನ್ನು ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿಯವರನ್ನು ಮದುವೆಯಾದರು. 1882ರಲ್ಲಿ, ಮಗಳು ಮನೋರಮಾ ಹಸುಗೂಸಾಗಿರುವಾಗಲೇ ವಿಧವೆಯಾದರು. ಅದೇ ವರ್ಷ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು.

ಮರುವರ್ಷ ಇಂಗ್ಲೆಂಡಿಗೆ ತೆರಳಿ, 1883ರ ಸೆಪ್ಟೆಂಬರಿನಲ್ಲಿ ವಾಂಟೇಜ್‌ನ ಕ್ರೈಸ್ತ ಸನ್ಯಾಸಿನಿಯರ ಆಶ್ರಮದಲ್ಲಿ ದೀಕ್ಷಾಸ್ನಾನ ಪಡೆದರು. ಆಳುವವರ ಧರ್ಮವನ್ನು ಅಪ್ಪಿಕೊಂಡವಳೆಂದು ಸ್ವದೇಶದಲ್ಲಿ ನಿಂದೆ ಎದ್ದಿತು. ಸ್ತ್ರೀ ಮತ್ತು ಶೂದ್ರರ ಬಗೆಗಿನ ಶಾಸ್ತ್ರವಚನಗಳಿಂದ ಮನನೊಂದ ಆಕೆಯ ಪರವಾಗಿ ಜೋತಿರಾವ್ ಫುಲೆಯವರು ಬರೆದರು. ಆಳುವವರಾದರೂ ಆಕೆಯನ್ನು ಸರಿಸಮಾನಳೆಂದು ಕಂಡರೇ? ಚೆಲ್ಟನ್‌ಹ್ಯಾಮ್‌ನ ಕಾಲೇಜಿನಲ್ಲಿ ಆಕೆ ಗಂಡಸರಿಗೆ ಪಾಠ ಹೇಳುವುದನ್ನು ಭಾರತದಲ್ಲಿದ್ದ ಬಿಷಪ್ಪರು ವಿರೋಧಿಸಿದರು. ವಿಧೇಯತೆಯನ್ನು ಬೋಧಿಸಿದವರಿಗೆ ರಮಾಬಾಯಿಯವರು, ತನ್ನ ಅಂತಃಕರಣವನ್ನು ಯಾರಿಗೂ ಒಪ್ಪಿಸಿಲ್ಲವೆಂದು ಉತ್ತರಿಸಿದರು. ಕ್ರಿಸ್ತನನ್ನು ಒಪ್ಪಿದರೂ ಚರ್ಚಿನ ಎಲ್ಲ ಸಿದ್ಧಾಂತಗಳನ್ನು ಒಪ್ಪಲಿಲ್ಲ, ಸಸ್ಯಾಹಾರವನ್ನು ಬಿಡಲಿಲ್ಲ, ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳಿದರು. ಈ ಪ್ರಶ್ನೆ ಸಣ್ಣದಲ್ಲ. ದೇವರನ್ನು ಕರೆಯಲು ದೊರೆಗಳ ಭಾಷೆಯೇ ಬೇಕೆ ಎಂಬುದು ಅದರ ತಿರುಳು.

ಅಮೆರಿಕೆಯಲ್ಲಿ ನಿಧಿ ಸಂಗ್ರಹಿಸಿ, 1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅದು ಮರುವರ್ಷ ಪುಣೆಗೆ ಬಂದಿತು. ಮುಂದೆ ಮಹರ್ಷಿ ಕರ್ವೆಯವರ ಕೈಹಿಡಿದ ಗೋದೂಬಾಯಿ ಇದರ ಮೊದಲ ವಿಧವಾ ವಿದ್ಯಾರ್ಥಿನಿ. ಮತದ ವಿಷಯದಲ್ಲಿ ತಟಸ್ಥವಾಗಿರಬೇಕಾದ ಈ ಸಂಸ್ಥೆಯ ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಬರತೊಡಗಿದಾಗ, 1893ರಲ್ಲಿ ದೊಡ್ಡ ವಿವಾದವೆದ್ದಿತು. ರಾನಡೆ, ಭಾಂಡಾರಕರರು ಸಲಹಾ ಮಂಡಲಿಯಿಂದ ಹೊರನಡೆದರು. ಅನೇಕ ಪಾಲಕರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಆಶ್ರಯ ನೀಡಿದ ಕೈಯೇ ನಂಬಿಕೆಯನ್ನೂ ನೀಡತೊಡಗಿದರೆ ಆಶ್ರಿತೆಯ ಆಯ್ಕೆ ಎಷ್ಟು ಸ್ವತಂತ್ರ? ರಮಾಬಾಯಿಯವರನ್ನು ಗೌರವಿಸುವವರೂ ಈ ಪ್ರಶ್ನೆಯನ್ನು ಬದಿಗೆ ಸರಿಸಲಾಗದು.

1896ರ ಬಳಿಕ ಬರಗಾಲದ ನಾಡುಗಳಲ್ಲಿ ಸಂಚರಿಸಿ, ಅನಾಥ ಹೆಣ್ಣುಮಕ್ಕಳನ್ನು ಕೇಡಗಾಂವ್‌ನ ಮುಕ್ತಿ ಸದನಕ್ಕೆ ಕರೆತಂದರು. 1900ರ ವೇಳೆಗೆ ಅಲ್ಲಿ ಸುಮಾರು 2000 ಮಂದಿ ಇದ್ದರು. 1897ರಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲವೆಂದು ಪತ್ರಿಕೆಗೆ ಬರೆದು ಸರಕಾರದ ಕೋಪಕ್ಕೆ ಗುರಿಯಾದರು. ಆಳುವವರ ಧರ್ಮ ಆಕೆಯದಾಗಿತ್ತು. ಆಳುವವರ ಮೌನ ಆಕೆಯದಾಗಲಿಲ್ಲ.

ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ಬೈಬಲ್ಲನ್ನು ಅನುವಾದಿಸುವುದು ಆಕೆಯ ಕೊನೆಯ ವರ್ಷಗಳ ಕಾಯಕವಾಯಿತು. 1921ರಲ್ಲಿ ಮಗಳನ್ನು ಕಳೆದುಕೊಂಡರು. 1922ರ ಏಪ್ರಿಲ್ 5ರಂದು ತಾವೂ ಕಣ್ಣುಮುಚ್ಚಿದರು.

ಮತಾಂತರದ ಮಾತು ಬಂದೊಡನೆ ನಾವು ಪರ ಅಥವಾ ವಿರೋಧದ ಗುಂಪು ಸೇರುತ್ತೇವೆ. ಆದರೆ ರಮಾಬಾಯಿಯವರು ಹುಟ್ಟಿದ ಮನೆಯ ಶಾಸ್ತ್ರವನ್ನೂ ಸೇರಿದ ಮನೆಯ ಅಧಿಕಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ವಿದ್ಯಾರ್ಥಿಗಳು ಆ ತಕ್ಕಡಿಯನ್ನು ಹಿಡಿಯಲು ಕಲಿಯಬೇಕು.