ಸರ್ ಎಂ.ವಿ., ರೈಲಿನ ಸದ್ದು ಮತ್ತು ಮೈಸೂರು ಬ್ಯಾಂಕ್: ಫಾರ್ವರ್ಡ್‌ಗಳು ಹೇಳದ ಲೆಕ್ಕದ ಕಥೆ

ಸೆಪ್ಟೆಂಬರ್ 15, ಇಂಜಿನಿಯರ್‌ಗಳ ದಿನ ಹತ್ತಿರ ಬಂತೆಂದರೆ ಎರಡು ಕಥೆಗಳು ನಮ್ಮ ಮೊಬೈಲಿಗೆ ತಪ್ಪದೇ ಬರುತ್ತವೆ. ಒಂದರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ರೈಲಿನಲ್ಲಿ ಹೋಗುತ್ತಿರುತ್ತಾರೆ. ಗಾಲಿಯ ಸದ್ದು ಬದಲಾದದ್ದು ಅವರ ಕಿವಿಗೆ ಬೀಳುತ್ತದೆ. ಸರಪಳಿ ಎಳೆದು ರೈಲು ನಿಲ್ಲಿಸುತ್ತಾರೆ. ಇಳಿದು ನೋಡಿದರೆ ಸ್ವಲ್ಪ ಮುಂದೆ ಹಳಿ ಬಿರುಕು ಬಿಟ್ಟಿರುತ್ತದೆ. ಇನ್ನೊಂದರಲ್ಲಿ ಅವರ ಬಳಿ ಎರಡು ಮೇಣದ ಬತ್ತಿಗಳಿವೆ. ಸರ್ಕಾರಿ ಕೆಲಸಕ್ಕೆ ಒಂದು, ಸ್ವಂತ ಕೆಲಸಕ್ಕೆ ಮತ್ತೊಂದು.

ಈ ಕಥೆಗಳು ನಿಜವೇ? ರೈಲಿನ ಕಥೆಯಲ್ಲಿ ಸಾಮಾನ್ಯವಾಗಿ ಇಸವಿ ಇರುವುದಿಲ್ಲ, ರೈಲಿನ ಹೆಸರಿರುವುದಿಲ್ಲ, ಯಾವ ನಿಲ್ದಾಣದ ಬಳಿ ಎಂಬುದೂ ಇರುವುದಿಲ್ಲ. ಎರಡು ದೀಪಗಳ ಕಥೆಯನ್ನು ಚಾಣಕ್ಯನ ಬಗ್ಗೆಯೂ ಹೇಳುತ್ತಾರೆ, ಬೇರೆ ದೇಶದ ಆಳರಸರ ಬಗ್ಗೆಯೂ ಹೇಳುತ್ತಾರೆ. ಹೀಗೆ ಊರು, ದಿನ, ದಾಖಲೆ ಇಲ್ಲದ ಕಥೆಯನ್ನು ಸುಳ್ಳೆಂದು ಸಾಬೀತು ಮಾಡುವುದು ಕಷ್ಟ. ಆದರೆ ನಿಜವೆಂದು ಹಂಚುವುದು ಅದಕ್ಕಿಂತ ದೊಡ್ಡ ತಪ್ಪು.

ನಮಗೆ ಈ ಕಥೆಗಳ ಬಗ್ಗೆ ಇರುವ ತಕರಾರು ಬೇರೆಯೇ. ಅವು ಸರ್ ಎಂ.ವಿ. ಅವರನ್ನು ಪವಾಡ ಪುರುಷರನ್ನಾಗಿ ಮಾಡುತ್ತವೆ. ನಿಜವಾದ ವಿಶ್ವೇಶ್ವರಯ್ಯನವರ ಶಕ್ತಿ ಕಿವಿಯಲ್ಲಿರಲಿಲ್ಲ, ಲೆಕ್ಕದಲ್ಲಿತ್ತು. ಹಣ ಖರ್ಚು ಮಾಡುವ ಮೊದಲು ಅಂಕಿಅಂಶ ಕೂಡಿಸು, ಅದನ್ನು ಬಿಡಿಸಿ ನೋಡು, ಆಮೇಲೆ ತೀರ್ಮಾನ ಮಾಡು ಎಂಬುದು ಅವರ ದಾರಿ. ಇಂದು ಬ್ಯಾಂಕುಗಳು ಇದಕ್ಕೆ ಡೇಟಾ ಅನಾಲಿಟಿಕ್ಸ್ ಎಂಬ ಹೆಸರಿಟ್ಟಿವೆ. ಅವರ ಬದುಕನ್ನು ಈ ಕಡೆಯಿಂದ ನೋಡೋಣ.

ಪಾಠ ಹೇಳಿ ಓದಿದ ಹುಡುಗ

ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ತೂಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದರು.

ಅಲ್ಲಿ ಅವರು ಮಾಡಿದ ಒಂದು ಕೆಲಸ ಮಂಡ್ಯ ಸೀಮೆಯ ರೈತರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನೀರಾ ನಾಲೆಯ ನೀರು ಎಲ್ಲೆಲ್ಲೋ ಚದುರಿದ ಹೊಲಗಳಿಗೆ ಹರಿಯುತ್ತಿತ್ತು. ದಾರಿಯಲ್ಲೇ ಬಹಳಷ್ಟು ಇಂಗಿ ಹೋಗುತ್ತಿತ್ತು. 1899ರಲ್ಲಿ ಅವರು ಬ್ಲಾಕ್ ಪದ್ಧತಿ ತಂದರು. ನೀರು ಕೊಡುವ ಜಮೀನನ್ನು ಒತ್ತಟ್ಟಿಗೆ ಬ್ಲಾಕುಗಳಾಗಿ ಮಾಡಿ, ಅದರಲ್ಲಿ ಒಂದು ಭಾಗಕ್ಕೆ ಮಾತ್ರ ಕಬ್ಬಿನಂಥ ಹೆಚ್ಚು ನೀರಿನ ಬೆಳೆ, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ಸರದಿಯ ಮೇಲೆ ಬದಲಾವಣೆ. ಹೊಸ ಅಣೆಕಟ್ಟು ಕಟ್ಟದೆ, ಇದ್ದ ನೀರನ್ನೇ ಹೆಚ್ಚು ಊರುಗಳಿಗೆ ಹಂಚುವ ಲೆಕ್ಕ ಅದು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಮುಳುಗಿತು. ಪರಿಹಾರ ಹೇಳಲು ನಿಜಾಮರ ಸರ್ಕಾರ ಇವರನ್ನು ಕರೆಸಿತು. ನದಿ ದಂಡೆಗೆ ಗೋಡೆ ಎಬ್ಬಿಸಿ ಎಂದು ಹೇಳಿ ಬರಬಹುದಿತ್ತು. ಅವರು ಸುತ್ತಲಿನ ಮಳೆಯ ದಾಖಲೆಗಳನ್ನು ಕೂಡಿಸಿದರು. ಇಂಥ ಮಳೆ ಮತ್ತೆ ಬಿದ್ದರೆ ಎಷ್ಟು ನೀರು ಬರಬಹುದು ಎಂದು ಲೆಕ್ಕ ಹಾಕಿ, ನಗರಕ್ಕಿಂತ ಮೇಲೆಯೇ ನೀರು ತಡೆಯುವ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಮುಂದೆ ಕಟ್ಟಲ್ಪಟ್ಟದ್ದು ಹೀಗೆ.

ಕನ್ನಂಬಾಡಿ: ಇದು ಹಣದ ತೀರ್ಮಾನವೂ ಹೌದು

1909ರ ಕೊನೆಗೆ ಅವರು ಮೈಸೂರಿನ ಮುಖ್ಯ ಇಂಜಿನಿಯರ್ ಆದರು. ಶ್ರೀರಂಗಪಟ್ಟಣದ ಮೇಲುಭಾಗದಲ್ಲಿ, ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು ಮುಂದಿಟ್ಟರು. ಹಣಕಾಸು ಅಧಿಕಾರಿಗಳು ಒಪ್ಪಲಿಲ್ಲ. ಮೊದಲ ಹಂತಕ್ಕೇ 81 ಲಕ್ಷ ರೂಪಾಯಿ ಬೇಕಿತ್ತು. ಆ ಕಾಲದ ಮೈಸೂರಿಗೆ ಅದು ಭಾರಿ ಮೊತ್ತ.

ಇಲ್ಲಿ ಬ್ಯಾಂಕಿನ ಮುಂದೆ ಕೂತ ಸಾಲಗಾರನಿಗೆ ಎದುರಾಗುವ ಪ್ರಶ್ನೆಯೇ ರಾಜ್ಯಕ್ಕೂ ಎದುರಾಗಿತ್ತು. ಹಾಕಿದ ಹಣ ಹೇಗೆ ವಾಪಸ್ ಬರುತ್ತದೆ? ವಿಶ್ವೇಶ್ವರಯ್ಯನವರ ಉತ್ತರದಲ್ಲಿ ಎರಡು ಆದಾಯಗಳಿದ್ದವು. ಒಂದು ನೀರಾವರಿ. ಇನ್ನೊಂದು ವಿದ್ಯುತ್. ಶಿವನಸಮುದ್ರದಿಂದ 1902ರಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೋಗುತ್ತಿತ್ತು. ಬೇಸಿಗೆಯಲ್ಲಿ ನದಿ ಸೊರಗಿದರೆ ಉತ್ಪಾದನೆಯೂ ಸೊರಗುತ್ತಿತ್ತು. ಮೇಲೆ ನೀರು ಹಿಡಿದಿಟ್ಟರೆ ವರ್ಷವಿಡೀ ವಿದ್ಯುತ್, ವರ್ಷವಿಡೀ ಆದಾಯ. ನಾಲ್ವಡಿ ಕೃಷ್ಣರಾಜ ಒಡೆಯರು 1911ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟರು.

ಕೆಳಗಿನ ಮದ್ರಾಸ್ ಪ್ರಾಂತ್ಯ ತಕರಾರು ತೆಗೆಯಿತು. ಮೊದಲಿಗೆ ಕಡಿಮೆ ಎತ್ತರದ ಕಟ್ಟೆಗಷ್ಟೇ ಒಪ್ಪಿಗೆ ದೊರೆಯಿತು. ಆದರೆ ಅಡಿಪಾಯವನ್ನು ಮುಂದೆ ಎತ್ತರಿಸಲು ಆಗುವಷ್ಟು ಅಗಲಕ್ಕೇ ಹಾಕಿಸಲಾಯಿತು. ಧೈರ್ಯದ ತೀರ್ಮಾನ ಅದು. ಒಪ್ಪಿಗೆ ಸಿಗದೇ ಹೋಗಿದ್ದರೆ ಆ ಖರ್ಚು ಮಣ್ಣುಪಾಲು. ವ್ಯಾಜ್ಯ ಕೊನೆಗೆ ಇತ್ಯರ್ಥವಾದದ್ದು 1924ರ ಒಪ್ಪಂದದಲ್ಲಿ.

ಇಲ್ಲೊಂದು ಫಾರ್ವರ್ಡ್ ತಿದ್ದಬೇಕು. ಅಣೆಕಟ್ಟನ್ನು ಅವರೊಬ್ಬರೇ ಕಟ್ಟಿ ಮುಗಿಸಿದರು ಎಂಬುದು ಸರಿಯಲ್ಲ. ಅದು ಮುಗಿದದ್ದು 1931ರ ಹೊತ್ತಿಗೆ. ಅವರು ಮೈಸೂರಿನ ಅಧಿಕಾರ ಬಿಟ್ಟದ್ದು 1918ರಲ್ಲೇ. ಮಹಾರಾಜರ ಬೆಂಬಲ, ಅನೇಕ ಇಂಜಿನಿಯರುಗಳ ದುಡಿಮೆ, ಸಾವಿರಾರು ಕೂಲಿಕಾರರ ಬೆವರು ಅದರಲ್ಲಿದೆ. ಹಳೆಯ ಕನ್ನಂಬಾಡಿ ಊರೂ ಸೇರಿ ಮನೆ, ಜಮೀನು ನೀರಿಗೆ ಬಿಟ್ಟು ಎದ್ದ ಜನರ ನಷ್ಟವೂ ಅದೇ ಲೆಕ್ಕದ ಇನ್ನೊಂದು ಪುಟ. ಕೆಆರ್‌ಎಸ್ ನೀರಿನ ಮಟ್ಟ 124.80 ಅಡಿ ತಲುಪಿತು ಎಂದು ನಾವು ಸಂಭ್ರಮಿಸುವಾಗ ಆ ಪುಟವನ್ನೂ ನೆನೆಯಬೇಕು.

ಬ್ಯಾಂಕು ಬಂದದ್ದು ಲೆಕ್ಕದ ಹಿಂದೆ

1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ಅದರ ಹಿಂದೆ ವಿಶ್ವೇಶ್ವರಯ್ಯನವರ ಒತ್ತಾಸೆ ಇತ್ತು. ಹೆಸರು ಸಮ್ಮೇಳನವಾದರೂ ಅದು ಭಾಷಣ ಕೇಳಿ ಎದ್ದು ಹೋಗುವ ಸಭೆಯಾಗಿರಲಿಲ್ಲ. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವ್ಯಾಪಾರಕ್ಕೆ ಬೇರೆಬೇರೆ ಸಮಿತಿಗಳಿದ್ದವು. ಜಿಲ್ಲೆ, ತಾಲ್ಲೂಕು ಮಟ್ಟಕ್ಕೂ ಕೆಲಸ ಇಳಿಯಿತು. ರಾಜ್ಯ ಏನು ಬೆಳೆಯುತ್ತದೆ, ಏನು ತಯಾರಿಸುತ್ತದೆ, ಎಲ್ಲಿ ಹಿಂದಿದೆ ಎಂದು ತಿಳಿದು ಮುಂದಿನ ಹೆಜ್ಜೆ ಇಡುವುದು ಉದ್ದೇಶ.

ಆಗ ಹಳ್ಳಿಯಲ್ಲಿ ಸಾಲವೆಂದರೆ ಹೆಚ್ಚಾಗಿ ಸಾಹುಕಾರನ ಮನೆ ಬಾಗಿಲು. ಕೈಗಾರಿಕೆ ಬೆಳೆಯಬೇಕೆಂದರೆ ಜನರ ಉಳಿತಾಯ ಒಂದು ಕಡೆ ಸೇರಬೇಕು, ಅಲ್ಲಿಂದ ವ್ಯಾಪಾರಕ್ಕೆ ಹರಿಯಬೇಕು. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಬ್ಯಾಂಕಿಂಗ್ ಸಮಿತಿಯ ಸಲಹೆಯಂತೆ 1913ರಲ್ಲಿ ಬ್ಯಾಂಕ್ ಆಫ್ ಮೈಸೂರ್ ಹುಟ್ಟಿತು. ಆ ಹೊತ್ತಿಗೆ ಅವರು ದಿವಾನರಾಗಿದ್ದರು. ನಮ್ಮ ಹಿರಿಯರು ಮೈಸೂರು ಬ್ಯಾಂಕ್ ಎಂದು ಕರೆಯುತ್ತಿದ್ದದ್ದು ಇದನ್ನೇ. 1960ರಲ್ಲಿ ಅದು ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು.

ಅಂಕಿ ಎಲ್ಲವನ್ನೂ ಹೇಳುವುದಿಲ್ಲ

ಫಾರ್ವರ್ಡ್‌ಗಳು ಬಿಟ್ಟುಬಿಡುವ ಒಂದು ಘಟ್ಟವನ್ನು ನಾವು ಬಿಡುವಂತಿಲ್ಲ. ಮೈಸೂರಿನ ಜನಗಣತಿಯನ್ನೂ ಸರ್ಕಾರಿ ನೌಕರರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ ಬ್ರಾಹ್ಮಣೇತರ ಸಮುದಾಯಗಳಿಗೆ ಸಿಕ್ಕ ಪಾಲು ಬಹಳ ಕಡಿಮೆ ಎಂಬುದು ಎದ್ದು ಕಾಣುತ್ತಿತ್ತು. ಅವರ ಮುಖಂಡರು ಇದನ್ನೇ ಕೇಳಿದರು. 1918ರಲ್ಲಿ ಮಹಾರಾಜರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರು ಪರೀಕ್ಷೆಯ ಅರ್ಹತೆಯೇ ಅಳತೆಯಾಗಬೇಕು ಎಂಬ ನಿಲುವಿನವರು. ಭಿನ್ನಾಭಿಪ್ರಾಯ ಬಂದು ಅದೇ ವರ್ಷ ದಿವಾನಗಿರಿ ಬಿಟ್ಟರು.

ಅಂಕಿ ಎದುರಿಗಿದ್ದರೂ ಯಾವ ಅಂಕಿಗೆ ಎಷ್ಟು ತೂಕ ಕೊಡಬೇಕು ಎಂಬುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ. ಇಂದಿನ ಬ್ಯಾಂಕಿನ ಕಂಪ್ಯೂಟರಿಗೂ ಈ ಮಾತು ಸಲ್ಲುತ್ತದೆ. ಅದು ಕಲಿಯುವುದು ಹಿಂದಿನ ಸಾಲಗಳಿಂದ. ಹಿಂದೆ ಯಾರಿಗೆ ಸಾಲವೇ ಸಿಕ್ಕಿರಲಿಲ್ಲವೋ ಅವರ ಲೆಕ್ಕ ಅದರ ಹತ್ತಿರ ಇರುವುದಿಲ್ಲ. ಲೆಕ್ಕ ಇಲ್ಲ ಎಂದ ಮಾತ್ರಕ್ಕೆ ಅವರು ಸಾಲ ತೀರಿಸದವರು ಎಂದಲ್ಲ.

1925ರಲ್ಲಿ ಭಾರತದ ಆರ್ಥಿಕ ಅಂಕಿಅಂಶಗಳ ಸ್ಥಿತಿ ನೋಡಲು ಬ್ರಿಟಿಷ್ ಸರ್ಕಾರ ಸಮಿತಿ ನೇಮಿಸಿದಾಗ ಅದಕ್ಕೂ ಅಧ್ಯಕ್ಷರು ಇವರೇ. ಅಂಕಿಅಂಶ ಕೂಡಿಸಲು ಕಾನೂನು ಬೇಕು, ಕೇಂದ್ರದಲ್ಲೂ ಪ್ರಾಂತ್ಯಗಳಲ್ಲೂ ವ್ಯವಸ್ಥೆ ಬೇಕು ಎಂದು ಅದು ಶಿಫಾರಸು ಮಾಡಿತು. 1934ರಲ್ಲಿ ದೇಶಕ್ಕೆ ಯೋಜಿತ ಆರ್ಥಿಕತೆ ಬೇಕೆಂದು ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಒಂದೇ ಜಿಲ್ಲೆ, ನಾಲ್ಕು ಲೆಕ್ಕ

ಅವರ ದಾರಿ ಇಂದು ಏಕೆ ಬೇಕು ಎಂಬುದಕ್ಕೆ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಶ್ರೀರಂಗಪಟ್ಟಣಕ್ಕೆ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆಗಳಂಥ ಹಳೆಯ ಕಾಲುವೆಗಳ ನೀರಿದೆ. ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆ ಇದೆ, ಕಬ್ಬು ಭತ್ತ ಕಾಣುತ್ತವೆ. ಕೆ.ಆರ್. ಪೇಟೆಯಲ್ಲಿ ಹೇಮಾವತಿ ಹರಿಯುತ್ತದೆ, ನೀರಾವರಿಯೂ ಇದೆ, ಬೆದ್ದಲು ಭೂಮಿಯೂ ಇದೆ. ನಾಗಮಂಗಲದ ಬಹುಭಾಗ ಮಳೆಯನ್ನೇ ನಂಬಿದ ರಾಗಿ, ಹುರುಳಿ, ತೆಂಗಿನ ಸೀಮೆ.

ಈಗ ಯಾರಾದರೂ ನಾಲ್ಕನ್ನೂ ಕೂಡಿಸಿ ಒಂದು ಸರಾಸರಿ ಆದಾಯ ತೆಗೆದು ಸಾಲ ಕೊಡಲು ಕೂತರೆ ಏನಾಗುತ್ತದೆ? ನಾಗಮಂಗಲದ ರಾಗಿ ರೈತನಿಗೆ ತೀರಿಸಲಾಗದಷ್ಟು ಸಾಲ ಹೋಗಬಹುದು. ಶ್ರೀರಂಗಪಟ್ಟಣದ ನಾಲೆ ಬಯಲಿನ ರೈತನಿಗೆ ಬೇಕಾದಷ್ಟು ಸಿಗದೇ ಇರಬಹುದು. ಕಂತು ಕಟ್ಟುವ ತಿಂಗಳೂ ಬೇರೆ. ಕಬ್ಬಿನವನಿಗೆ ಹಣ ಬರುವುದು ಕಾರ್ಖಾನೆ ಬಿಲ್ ಕೊಟ್ಟಾಗ. ಹಾಲು ಹಾಕುವವರಿಗೆ ಡೇರಿಯಿಂದ ವರ್ಷವಿಡೀ ಸ್ವಲ್ಪಸ್ವಲ್ಪ. ಒಳ್ಳೆಯ ಡೇಟಾ ಅನಾಲಿಟಿಕ್ಸ್ ಎಂದರೆ ಸರಾಸರಿಯನ್ನು ಒಡೆದು ನೋಡುವುದು. ಯಾವ ಊರು, ಯಾವ ಬೆಳೆ, ಯಾವ ತಿಂಗಳು ಎಂದು ಕೇಳುವುದು. ಬೆಳೆ ವಿಮೆಯಲ್ಲಿ ಬೆಳೆ ಕಟಾವು ಪ್ರಯೋಗವನ್ನು ಗ್ರಾಮ ಪಂಚಾಯಿತಿ, ಹೋಬಳಿ ಮಟ್ಟಕ್ಕೆ ಇಳಿಸಿರುವುದು ಇದೇ ಕಾರಣಕ್ಕೆ.

ನಿಮ್ಮ ಲೆಕ್ಕ ನೀವು ನೋಡಿದ್ದೀರಾ?

ಬ್ಯಾಂಕು ನಿಮ್ಮನ್ನು ಅಂಕಿಯಲ್ಲಿ ಅಳೆಯುವಾಗ ಆ ಅಂಕಿ ಸರಿಯಿದೆಯೇ ಎಂದು ನೋಡುವ ಹಕ್ಕು ನಿಮಗಿದೆ.

ದೇಶದಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈಮಾರ್ಕ್. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿಯೊಂದರಿಂದಲೂ ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತ. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ನಿಮ್ಮ ಸ್ಕೋರನ್ನು ನೀವೇ ನೋಡಿದರೆ ಅದು ಇಳಿಯುತ್ತದೆ ಎಂಬ ಫಾರ್ವರ್ಡ್ ಸುಳ್ಳು. ತೀರಿಸಿದ ಸಾಲ ಇನ್ನೂ ಬಾಕಿ ಎಂದು ತೋರಿಸಿದರೆ ದೂರು ಕೊಡಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರದ ನಿಯಮವಿದೆ. ದುಡ್ಡು ಕೊಟ್ಟರೆ ರಾತ್ರೋರಾತ್ರಿ ಸ್ಕೋರ್ ಏರಿಸುತ್ತೇವೆ ಎಂದು ಬರುವ ಮೆಸೇಜುಗಳನ್ನು ನಂಬಬೇಡಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ.

ರೈತರಾಗಿದ್ದರೆ ಇನ್ನೊಂದು ಕೆಲಸ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂದು ನೋಡಿ. ಹೊಲದಲ್ಲಿ ರಾಗಿ, ದಾಖಲೆಯಲ್ಲಿ ಬೇರೆ ಬೆಳೆ ಇದ್ದರೆ ವಿಮೆ ಹಣಕ್ಕೆ ತೊಡಕಾಗಬಹುದು. ಆಕ್ಷೇಪಣೆಗೆ ಕೊಟ್ಟ ಗಡುವಿನೊಳಗೆ ತಿದ್ದಿಸಿಕೊಳ್ಳಿ.

ಸರ್ ಎಂ.ವಿ. ಅವರ ಮೇಲೆ ಅಭಿಮಾನ ಇದ್ದರೆ ಮುಂದಿನ ಸೆಪ್ಟೆಂಬರ್ 15ರೊಳಗೆ ಇಷ್ಟು ಮಾಡಿ: ನಿಮ್ಮ ಮನೆಯ ಸಾಲ, ಕಂತು, ಬಡ್ಡಿ ದರ, ಆದಾಯ ಬರುವ ತಿಂಗಳು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಹೊಸ ಸಾಲಕ್ಕೆ ಸಹಿ ಹಾಕುವ ಮೊದಲು ಆ ಹಾಳೆ ನೋಡಿ. ಹಂಚಲೇಬೇಕೆಂದರೆ ಈ ಅಭ್ಯಾಸವನ್ನು ನಾಲ್ಕು ಜನಕ್ಕೆ ಹಂಚಿ.