ಗಣಿತಕವಿ ರಾಜಾದಿತ್ಯ

ಗಣಿತವೆಂದೊಡನೆ ಅಂಜುವವರು ಹಲವರು. ಆದರೆ ಲೆಕ್ಕಗಳನ್ನೇ ಪದ್ಯಗಳಾಗಿ ಹೆಣೆದ ಕವಿಯೊಬ್ಬನು ಬೆಳಗಾವಿ ಸೀಮೆಯಲ್ಲಿ ಆಗಿಹೋದನು. ಆತನೇ ೧೨ನೆಯ ಶತಮಾನದ ಜೈನಕವಿ ರಾಜಾದಿತ್ಯ. ಆತನ ಊರು ಪೂವಿನಬಾಗೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳಿಗೆ ಸಮೀಪದ ರಾಯಬಾಗವೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ತಂದೆ ಶ್ರೀಪತಿ, ತಾಯಿ ವಸಂತೆ, ಗುರು ಶುಭಚಂದ್ರದೇವ.

ಕನ್ನಡ ನಾಡಿನಲ್ಲಿ ಗಣಿತವಿನೋದವು ಆ ಮೊದಲೇ ಬೆಳೆದಿತ್ತು. ೯ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ೧೫೨೨೦೭ನ್ನು ೭೩ರಿಂದ ಗುಣಿಸಿ, ಎಂಟು ಒಂದುಗಳ ಹಾರವನ್ನೇ ಪೋಣಿಸಿ ತೋರಿಸಿದ್ದನು. ಆದರೆ ಆತನ 'ಗಣಿತಸಾರಸಂಗ್ರಹ'ವು ಸಂಸ್ಕೃತದಲ್ಲಿದ್ದಿತು. ಕನ್ನಡವನ್ನಷ್ಟೇ ಬಲ್ಲವರಿಗೆ ಆ ಭಂಡಾರದ ಬಾಗಿಲು ಮುಚ್ಚಿತ್ತು.

ರಾಜಾದಿತ್ಯನು ಆ ಬಾಗಿಲನ್ನು ತೆರೆದನು. 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಲೀಲಾವತಿ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿ ರಚಿಸಿದನು. ಸೂತ್ರವನ್ನು ಪದ್ಯದಲ್ಲಿ ಹೇಳಿ, ಉದಾಹರಣೆಯ ಲೆಕ್ಕವನ್ನೊಡ್ಡಿ, ಅದನ್ನು ಬಿಡಿಸುವ ಬಗೆಯನ್ನು ವಿವರಿಸುವುದು ಆತನ ಕ್ರಮ. ಪದ್ಯ ಬಾಯಿಗೆ ಬಂದರೆ ಸೂತ್ರವೂ ಬಂದಂತೆಯೇ. ಒಗಟಿನಲ್ಲಿರುವಂತೆ ಇಲ್ಲಿಯೂ ಮೊದಲು ಮಾತಿನ ಗಂಟನ್ನು ಬಿಚ್ಚಬೇಕು. ಅನಂತರ ಲೆಕ್ಕದ ಗಂಟನ್ನು. ಕನ್ನಡದಲ್ಲಿ ದೊರೆತಿರುವ ಗಣಿತಗ್ರಂಥಗಳಲ್ಲಿ ಈತನವೇ ಮೊದಲಿನವು. ಶಾಸ್ತ್ರವು ಜನರ ನುಡಿಯಲ್ಲಿ ನಿಲ್ಲಬಲ್ಲುದೆಂಬುದನ್ನು ಎಂಟು ನೂರು ವರ್ಷಗಳ ಹಿಂದೆಯೇ ಸಾಧಿಸಿ ತೋರಿದ ರಾಜಾದಿತ್ಯನು ಕನ್ನಡಿಗರಿಗೆ ಚಿರಸ್ಮರಣೀಯನು.